ಒಂಬತ್ತನೆಯ ನಂಬರು

ನಮ್ಮ ಕಾಲದ ಯುದ್ಧವಿರೋಧಿ ವಿದ್ಯಾರ್ಥಿ ಚಳವಳಿಯ ಬಗ್ಗೆ ಇಲ್ಲಿಯವರೆಗೆ ಮೂರು ಪುಸ್ತಕಗಳು ಬಂದಿವೆ. ಮೂರರ ಮುಖಪುಟದಲ್ಲೂ ನಮ್ಮ ಸಮಿತಿಯ ಮುಖಂಡ ಮೈಕಾಸುರನ ಫೋಟೊ ಇದೆ. ಅವನಿಗೆ ಆ ಹೆಸರಿಟ್ಟವಳು ನಾನೇ. ಮೈಕು ಕಂಡರೆ ಸಾಕು, ಅವನ ಮುಖಕ್ಕೆ ಕಳೆ ಬರುತ್ತಿತ್ತು. ಒಳ್ಳೆಯ ಮಾತುಗಾರ, ಇಲ್ಲವೆನ್ನುವುದಿಲ್ಲ. ಆದರೆ ದೇಶದ ನೂರಹನ್ನೊಂದು ಕಾಲೇಜುಗಳ ಹುಡುಗ ಹುಡುಗಿಯರು ಒಂದೇ ದಿನ, ಒಂದೇ ಗಂಟೆಗೆ ತರಗತಿಯಿಂದ ಎದ್ದು ಬೀದಿಗೆ ಬಂದದ್ದು ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ಕೂತು ಫೋನು ತಿರುಗಿಸುತ್ತಿದ್ದ ಒಬ್ಬಳಿಂದ. ಅವಳ ಫೋಟೊ ಯಾವ ಪುಸ್ತಕದಲ್ಲೂ ಇಲ್ಲ. ಎರಡನೆಯ ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ಕ್ಷಮಾಪಣೆ ಬರೆದುಕೊಟ್ಟು ಹೊರಹೋದ ಒಬ್ಬ ಕಾರ್ಯಕರ್ತೆ’ ಎಂದಿದೆ. ಅದು ಅವಳು.

ಆ ಕ್ಷಮಾಪಣೆಗೆ ಕಾರಣ ನಾನು. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸ್ವಲ್ಪ ಸುಲಭ.

ನಾವೆಲ್ಲ ಅವಳನ್ನು ‘ಹಾಜರಿ’ ಎನ್ನುತ್ತಿದ್ದೆವು, ಎದುರಿಗೆ ಮಾತ್ರ ‘ಅಕ್ಕ’. ನನಗಿಂತ ಎರಡು ವರ್ಷ ದೊಡ್ಡವಳು, ಕಾನೂನು ಓದುತ್ತಿದ್ದಳು. ಅವಳ ಅಪ್ಪ ಟೈಪಿಂಗ್ ಮೇಷ್ಟ್ರು. ಮುಂದಿನ ಹಜಾರದಲ್ಲಿ ಮೂರು ಸಾಲಿನಲ್ಲಿ ಹದಿನೆಂಟು ಯಂತ್ರಗಳು. ಒಂದು ಅಕ್ಷರ ತಪ್ಪಿದರೂ ಮೇಷ್ಟ್ರು ಹಾಳೆಯನ್ನು ಎಳೆದು ಹೊಸದನ್ನು ಸಿಕ್ಕಿಸುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿ ಎನ್ನಿಸುತ್ತಿತ್ತು. ಹಿಂದಿನ ಕೋಣೆಯಲ್ಲಿ ಕರಪತ್ರದ ಪ್ರತಿ ತೆಗೆಯುವ ಸ್ಟೆನ್ಸಿಲ್ ಯಂತ್ರ, ಮಸಿಯ ಡಬ್ಬಿಗಳು, ಕಾಲು ಮುರಿದ ಒಂದು ಬೆಂಚು, ಒಂದು ಕಪ್ಪು ಫೋನು. ಹಜಾರದ ಟಕಟಕ ಸದ್ದಿನಲ್ಲಿ ನಾವು ಒಳಗೆ ಏನು ಮಾತಾಡಿದರೂ ಬೀದಿಗೆ ಕೇಳುತ್ತಿರಲಿಲ್ಲ. ಒಳ್ಳೇ ಜಾಗ ಸಿಕ್ಕಿತು ಎಂದು ನಾವು ಬೀಗುತ್ತಿದ್ದೆವು. ಮೇಷ್ಟ್ರು ಒಮ್ಮೆಯೂ ಒಳಗೆ ಇಣುಕಲಿಲ್ಲ, ಫೋನಿನ ಬಿಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮ ಸೇನೆ ಆಗ ಬಲು ದೂರದ ಒಂದು ನಾಡಿನಲ್ಲಿ ಮೂರು ವರ್ಷದಿಂದ ಯುದ್ಧದಲ್ಲಿತ್ತು. ಕಾಲೇಜಿನ ದಾಖಲೆಯಲ್ಲಿ ಹೆಸರಿದ್ದ ಹುಡುಗರಿಗೆ ಸೇನೆಯ ಕರೆ ಬರುತ್ತಿರಲಿಲ್ಲ. ಹೆಸರು ಹೊಡೆದುಹಾಕಿದರೆ ಹದಿನೈದು ದಿನದಲ್ಲಿ ಕರೆ ಮನೆ ಬಾಗಿಲಿಗೆ ಬರುತ್ತಿತ್ತು. ಹೀಗಾಗಿ ತರಗತಿ ಬಿಟ್ಟು ಎದ್ದು ಬರುವುದೆಂದರೆ ಹುಡುಗಿಯರಿಗೆ ಒಂದು ಲೆಕ್ಕ, ಹುಡುಗರಿಗೆ ಬೇರೆಯೇ ಲೆಕ್ಕ. ಎಲ್ಲರೂ ಒಟ್ಟಿಗೆ ಎದ್ದರೆ ಯಾರ ಹೆಸರನ್ನೂ ಹೊಡೆಯಲು ಆಗುವುದಿಲ್ಲ. ಒಬ್ಬೊಬ್ಬರೇ ಎದ್ದರೆ ಮುಗಿಯಿತು. ಚಳವಳಿ ಪೂರ್ತಿ ನಿಂತಿದ್ದು ಈ ‘ಒಟ್ಟಿಗೆ’ ಎನ್ನುವುದರ ಮೇಲೆ.

ಅದಕ್ಕೇ ಅವಳು ಹಾಜರಿ ಹಾಕುತ್ತಿದ್ದಳು. ದಿನಾ ಸಂಜೆ ಐದಕ್ಕೆ ಫೋನಿನ ಮುಂದೆ ಕೂತಳೆಂದರೆ ಪ್ರತಿ ಊರಿನ ಸುದ್ದಿ ಬರಬೇಕು. ಮೈಕಾಸುರ ಎಲ್ಲರನ್ನೂ ಕೇಳುತ್ತಿದ್ದುದು ಸಭೆಗೆ ಎಷ್ಟು ಜನ ಬಂದರು ಎಂದು. ಇವಳು ಅದನ್ನು ಕೇಳಿದ್ದೇ ಇಲ್ಲ. ಇವತ್ತು ಯಾರು ಬಂದಿರಲಿಲ್ಲ, ಯಾಕೆ ಬಂದಿರಲಿಲ್ಲ ಎಂದು ಕೇಳುತ್ತಿದ್ದಳು. ಒಬ್ಬನಿಗೆ ಜ್ವರ, ಒಬ್ಬಳಿಗೆ ಮನೆಯಲ್ಲಿ ಗದ್ದಲ, ಇನ್ನೊಬ್ಬ ಹೆದರಿದ್ದಾನೆ ಎಂದು ಉತ್ತರ ಬರುತ್ತಿತ್ತು. ಹೆದರಿದವನನ್ನು ನಾಳೆ ಮೊದಲು ಹೋಗಿ ಮಾತಾಡಿಸಿ, ಸುಮ್ಮನೆ ಕ್ಷೇಮ ವಿಚಾರಿಸಿ, ಚಳವಳಿಯ ಮಾತು ಎತ್ತಬೇಡಿ ಎನ್ನುತ್ತಿದ್ದಳು. ಒಂದು ಊರಿನಲ್ಲಿ ನಮ್ಮವರ ಫೋನು ಇದ್ದದ್ದು ಕ್ಷೌರದ ಅಂಗಡಿಯಲ್ಲಿ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಗಳು ರಿಸೀವರು ಹಿಡಿದು ‘ಇರಮ್ಮಾ, ಕರೀತಾರೆ’ ಎನ್ನುತ್ತಿದ್ದರಂತೆ. ಅವರನ್ನೂ ಇವಳು ಹೇಗಿದ್ದೀರಿ ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಬೆಣ್ಣೆಯಂಥವಳು ಎಂದುಕೊಳ್ಳಬೇಡಿ. ಕೆಲಸದಲ್ಲಿ ಅಸಡ್ಡೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಹೆಸರು ತಪ್ಪು ಹೇಳಿದರೆ ‘ಇನ್ನೊಂದು ಸಲ’ ಎನ್ನುತ್ತಿದ್ದಳು. ಅಷ್ಟೇ. ಅಪ್ಪ ಹಾಳೆ ಎಳೆದ ಹಾಗೆಯೇ. ಆ ಎರಡು ಮಾತಿಗೆ ನಮಗೆಲ್ಲ ಬೆವರಿಳಿಯುತ್ತಿತ್ತು.

ಅವಳು ಮಾಡಿದ ನಿಯಮ ಒಂದಿತ್ತು. ಶುರುವಿನ ತಿಂಗಳಲ್ಲಿ ಯಾರೋ ನಮ್ಮವರ ಹೆಸರು ಹೇಳಿಕೊಂಡು ಇಪ್ಪತ್ತು ಊರುಗಳಿಗೆ ಫೋನು ಮಾಡಿ, ಮುಷ್ಕರ ರದ್ದಾಗಿದೆ ಎಂದು ಹಬ್ಬಿಸಿದ್ದರು. ಆಮೇಲಿಂದ ಅವಳು ಕಟ್ಟುನಿಟ್ಟು ಮಾಡಿದಳು: ಗುರುತಿನ ದನಿಯಿಂದ ಹೊಸ ಮಾತು ಬರುವವರೆಗೆ ಹಿಂದಿನ ಮಾತೇ ಮಾತು. ಯಾರು ಏನೇ ಅನ್ನಲಿ, ಪತ್ರಿಕೆಯಲ್ಲಿ ಏನೇ ಬರಲಿ, ಕದಲಬಾರದು. ನಿಯಮ ಚೆನ್ನಾಗಿಯೇ ಇತ್ತು. ಅದನ್ನು ಅಕ್ಷರಶಃ ಪಾಲಿಸುವವರು ಇದ್ದರು ಎನ್ನುವುದೇ ಮುಂದೆ ನಮ್ಮನ್ನು ಕೆಡವಿತು.

ಎಲ್ಲ ಕಾಲೇಜುಗಳೂ ಒಟ್ಟಿಗೆ ಎದ್ದು ಬರುವ ದಿನ ಮಂಗಳವಾರ ಎಂದು ನಿಗದಿಯಾಗಿತ್ತು, ಬೆಳಿಗ್ಗೆ ಹನ್ನೊಂದಕ್ಕೆ. ಅದರ ಹಿಂದಿನ ಭಾನುವಾರ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಅದೇ ಮಂಗಳವಾರ, ಅದೇ ಹನ್ನೊಂದಕ್ಕೆ ಎಲ್ಲ ಕಾಲೇಜಿನಲ್ಲೂ ಕಡ್ಡಾಯ ಪರೀಕ್ಷೆ. ಅರ್ಧಕ್ಕೆ ಎದ್ದವರ ಹೆಸರು ಅಂದೇ ಹೊಡೆಯಲಾಗುವುದು. ಒಡ್ಡಿದ ಬೋನು ಕಣ್ಣಿಗೆ ಕಾಣುವ ಹಾಗೇ ಇತ್ತು. ಮಧ್ಯಾಹ್ನ ಸಮಿತಿ ಕೂತು ಮುಷ್ಕರವನ್ನು ಗುರುವಾರಕ್ಕೆ ಹಾಕಿತು. ಮಂಗಳವಾರ ಎಲ್ಲರೂ ಜಾಣರ ಹಾಗೆ ಪರೀಕ್ಷೆ ಬರೆಯುವುದು, ಗುರುವಾರ ಏಳುವುದು. ಫೋನಿನಲ್ಲಿ ಒಂದು ವಾರದಿಂದ ಏನೋ ಕಟಕಟ ಸದ್ದು ಬರುತ್ತಿದ್ದುದರಿಂದ ಅಂದು ಸಂಜೆಯ ಕರೆಗಳಾದ ಮೇಲೆ ಬುಧವಾರದವರೆಗೆ ಯಾರೂ ಯಾರಿಗೂ ಫೋನು ಮಾಡುವ ಹಾಗಿಲ್ಲ ಎಂದೂ ತೀರ್ಮಾನವಾಯಿತು.

ನಾವು ಹದಿನಾಲ್ಕು ಜನ ಬೇರೆ ಬೇರೆ ಫೋನುಗಳಿಂದ ಸುದ್ದಿ ಮುಟ್ಟಿಸಬೇಕಿತ್ತು. ಹಾಜರಿ ತನ್ನ ದೊಡ್ಡ ಪಟ್ಟಿಯಿಂದ ನೂರಹನ್ನೆರಡು ನಂಬರುಗಳನ್ನು ಹದಿನಾಲ್ಕು ಚೀಟಿಗಳಿಗೆ ತನ್ನ ಕೈಯಾರೆ ಇಳಿಸಿದಳು. ಗಡಿಬಿಡಿಯಲ್ಲಿ, ಮೂರು ಜನ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿರುವಾಗ ಬರೆದಳು. ಕೆಲಸ ಮುಗಿದ ಮೇಲೆ ಚೀಟಿಯನ್ನು ಹರಿದು ನೀರಿಗೆ ಹಾಕಬೇಕು ಎನ್ನುವುದು ಪದ್ಧತಿ. ನನ್ನ ಚೀಟಿಯಲ್ಲಿ ಒಂಬತ್ತು ನಂಬರುಗಳಿದ್ದವು.

ನಾನು ಚಿಕ್ಕಪ್ಪನ ಔಷಧಿ ಅಂಗಡಿಯಿಂದ ಫೋನು ಮಾಡಿದೆ. ಎಂಟು ನಂಬರುಗಳು ಸಲೀಸಾಗಿ ಸಿಕ್ಕಿದವು. ಒಂಬತ್ತನೆಯದು ಒಂದು ಸಣ್ಣ ಊರಿನ ಸೈಕಲ್ ರಿಪೇರಿ ಅಂಗಡಿಯದು. ಆ ಊರಿನ ಕಾಲೇಜಿನಲ್ಲಿ ನಮ್ಮವರು ಇದ್ದದ್ದೇ ಮೂರು ಜನ, ಇಬ್ಬರು ಹುಡುಗಿಯರು ಮತ್ತು ಒಬ್ಬ ಬಡಗಿಯ ಮಗ. ಸೈಕಲ್ ಅಂಗಡಿಯವನು ಪಕ್ಕದ ಬಡಗಿ ಅಂಗಡಿಗೆ ಕೂಗಿ ಹೇಳಬೇಕು, ಅವನು ಓಡಿ ಬರಬೇಕು. ಮೂರು ಸಲ ತಿರುಗಿಸಿದೆ, ಮೂರು ಸಲವೂ ಲೈನು ಬೇರೆಯವರ ಜೊತೆ ಮಾತಿನಲ್ಲಿತ್ತು. ನನಗೆ ಆರು ಗಂಟೆಗೆ ಗೆಳತಿಯರ ಜೊತೆ ಸಿನಿಮಾ ಇತ್ತು. ಮೂರೇ ಜನ, ಅಕ್ಕಪಕ್ಕದ ಊರಿನವರು ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ಚೀಟಿ ಹರಿದು ಅಂಗಡಿಯ ಮುಂದಿನ ಚರಂಡಿಗೆ ಹಾಕಿ, ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ತಲೆ ತೂರಿಸಿ ಎಲ್ಲ ಆಯಿತು ಎಂದು ಹೇಳಿ ಸಿನಿಮಾಗೆ ಹೋದೆ. ಯಾವ ಸಿನಿಮಾ ಎಂಬುದು ಈಗ ನೆನಪಿಲ್ಲ. ಅದು ಇನ್ನೂ ಹೇಸಿಗೆ.

ಮಂಗಳವಾರ ನೂರಹನ್ನೊಂದು ಕಾಲೇಜುಗಳಲ್ಲಿ ಎಲ್ಲರೂ ತಲೆ ತಗ್ಗಿಸಿ ಪರೀಕ್ಷೆ ಬರೆದರು. ಒಂದು ಕಾಲೇಜಿನಲ್ಲಿ ಹನ್ನೊಂದು ಹೊಡೆದ ಕೂಡಲೇ ಮೂವರು ಎದ್ದು ನಿಂತರು. ಪರೀಕ್ಷೆಯ ಸುದ್ದಿ ಅವರಿಗೂ ಗೊತ್ತಿತ್ತು, ಹೆಸರು ಹೊಡೆಯುತ್ತಾರೆ ಎಂಬುದೂ ಗೊತ್ತಿತ್ತು. ಆದರೆ ಗುರುತಿನ ದನಿಯಿಂದ ಹೊಸ ಮಾತು ಬಂದಿರಲಿಲ್ಲವಲ್ಲ. ಹಿಂದಿನ ಮಾತೇ ಮಾತು ಎಂದು ಖಾಲಿ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಸಂಜೆಯೊಳಗೆ ಮೂವರ ಹೆಸರೂ ಹೊಡೆದಾಗಿತ್ತು.

ಬುಧವಾರ ಬೆಳಿಗ್ಗೆ ಇನ್‌ಸ್ಟಿಟ್ಯೂಟಿನ ಫೋನು ಬಡಿಯಿತು. ನಾನು ಸ್ಟೆನ್ಸಿಲ್ ಯಂತ್ರದ ಹತ್ತಿರ ಇದ್ದೆ. ಆ ಕಡೆಯಿಂದ ಬಡಗಿಯ ಮಗ. ದನಿ ಜೋರಾಗಿತ್ತು, ನನಗೂ ಕೇಳುತ್ತಿತ್ತು. ಹೆದರಿಕೆ ಇರಲಿಲ್ಲ ಅದರಲ್ಲಿ, ಉತ್ಸಾಹ ಇತ್ತು.

“ಎಷ್ಟು ಕಾಲೇಜು ಎದ್ದವು ಅಕ್ಕಾ?”

ಹಾಜರಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಮೇಲೆ ಹೇಳಿದಳು, “ಒಂದೇ ಕಣಪ್ಪ. ನಿಮ್ಮದು.”

ಮಧ್ಯಾಹ್ನದೊಳಗೆ ಹದಿನಾಲ್ಕು ಜನರನ್ನೂ ಕರೆಸಿ ಒಬ್ಬೊಬ್ಬರನ್ನೇ ಕೇಳಿದಳು. ನನ್ನ ಸರದಿ ಬಂತು. ನಿಜ ಹೇಳಲು ಹೋದೆ, ದೇವರಾಣೆಗೂ ಹೋದೆ. ಅವಳ ಮುಖ ನೋಡಿದೆ. ‘ಇನ್ನೊಂದು ಸಲ’ ಎನ್ನುವಾಗಿನ ಅದೇ ಮುಖ. ನನ್ನ ಚೀಟಿಯಲ್ಲಿ ಎಂಟೇ ನಂಬರು ಇತ್ತು ಎಂದು ಹೇಳಿಬಿಟ್ಟೆ. ಅವಳು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ‘ಸರಿ’ ಎಂದಳು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಮೊದಲ ಸಲ. ಅವರು ಮಗಳಿಗೆ ಸಮಾಧಾನ ಹೇಳಿದರು: ನಕಲು ಮಾಡುವಾಗ ಕೊನೆಯ ಸಾಲು ಬಿಟ್ಟುಹೋಗುವುದು ಎಂಥವರಿಗೂ ಆಗುತ್ತೆ, ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳು ತಲೆಯಾಡಿಸಿದಳು.

ಅವಳಿಗೆ ನನ್ನ ಸುಳ್ಳು ಗೊತ್ತಾಗಿದೆ, ಎಲ್ಲರೆದುರು ನನ್ನ ಮಾನ ಉಳಿಸಲು ಹೊಟ್ಟೆಗೆ ಹಾಕಿಕೊಂಡಿದ್ದಾಳೆ ಎಂದು ನಾನು ಅಂದೇ ನಂಬಿದೆ. ಆ ನಂಬಿಕೆ ನನಗೆ ಎಷ್ಟು ಅನುಕೂಲವಾಗಿತ್ತು ಎಂದು ಈಗ ಕಾಣುತ್ತದೆ.

ಗುರುವಾರದ ಮುಷ್ಕರ ನೂರಹನ್ನೊಂದು ಕಾಲೇಜುಗಳಲ್ಲೂ ನಡೆಯಿತು, ಒಬ್ಬರ ಹೆಸರೂ ಹೋಗಲಿಲ್ಲ. ಊರೆಲ್ಲ ಕುಣಿಯಿತು. ಹಾಜರಿ ಮಾತ್ರ ದಿನ ಲೆಕ್ಕ ಹಾಕುತ್ತಿದ್ದಳು. ಸೇನೆಯ ಕರೆ ಬರಲು ಇದ್ದ ಹದಿನೈದರಲ್ಲಿ ಮೂರು ಹೋಯಿತು, ಹನ್ನೆರಡು ಉಳಿಯಿತು.

ಮೈಕಾಸುರನಿಗೆ ಬೇರೆ ಯೋಚನೆ ಬಂತು. ಬಡಗಿಯ ಮಗನಿಗೆ ಸೇನೆಯ ಕರೆ ಬರಲಿ, ಅವನು ಒಲ್ಲೆ ಎನ್ನಲಿ, ಜೈಲಿಗೆ ಹೋಗಲಿ, ರಾಜಧಾನಿಯ ಪತ್ರಿಕೆಗಳಲ್ಲಿ ಫೋಟೊ ಬರಲಿ. ಚಳವಳಿಗೆ ಒಂದು ಮುಖ ಬೇಕಿತ್ತು, ಸಿಕ್ಕಿತಲ್ಲ ಎಂದ. ಅವನ ತಾಯಿಯನ್ನು ಕೇಳಿದೆಯಾ ಎಂದು ಹಾಜರಿ ಕೇಳಿದಳು. ಅವನು ಕೇಳಿರಲಿಲ್ಲ. ಇವಳು ಸೈಕಲ್ ಅಂಗಡಿಗೆ ಫೋನು ಮಾಡಿ ಆ ತಾಯಿಯನ್ನು ಕರೆಸಿದಳು. ಆ ಹೆಂಗಸು ಅಳಲಿಲ್ಲ, ಶಪಿಸಲೂ ಇಲ್ಲ.

“ಬಡಗಿ ಮಗನಾಗಿ ಹುಟ್ಟಿದ್ರೂ ನೆಟ್ಟಗೆ ಒಂದು ಮೊಳೆ ಹೊಡಿಯೋಕೆ ಬರಲ್ಲ ಅವನಿಗೆ,” ಎಂದಳಂತೆ. “ಅಂಥವನ ಕೈಗೆ ಬಂದೂಕು ಕೊಡ್ತಾರಂತಲ್ಲಮ್ಮ.”

ಹುಡುಗನಿಗೂ ಜೈಲು ಬೇಕಿರಲಿಲ್ಲ, ಸೇನೆಯೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನ ತರಗತಿಯ ಬೆಂಚು. ಹಾಜರಿ ಆ ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆದಳು. ಕೆಟ್ಟ ಮನುಷ್ಯನಲ್ಲ ಆತ. ಮೇಲಿನವರಿಗೆ ತೋರಿಸಲು ಆತನಿಗೆ ಒಂದು ಕಾಗದ ಬೇಕಿತ್ತು. ಮೂವರೂ ತಪ್ಪು ಮಾಹಿತಿಯಿಂದ ಎದ್ದರು ಎಂದು ತೋರಿಸಬೇಕು, ಮಾಹಿತಿ ಕೊಡಬೇಕಾಗಿದ್ದವರು ಯಾರು ಎಂದು ಹೆಸರಿರಬೇಕು, ಅವರು ತನ್ನೆದುರೇ ಬಂದು ಸಹಿ ಹಾಕಬೇಕು. ಒಂದು ಪ್ರತಿ ಆ ವ್ಯಕ್ತಿ ಓದುವ ಕಾಲೇಜಿಗೂ ಹೋಗುತ್ತದೆ ಎಂಬುದನ್ನೂ ಆತ ಮುಚ್ಚುಮರೆಯಿಲ್ಲದೆ ತಿಳಿಸಿದ್ದ. ಹಾಜರಿಗೆ ವಕೀಲಳಾಗಲು ನಾಲ್ಕು ತಿಂಗಳು ಬಾಕಿ ಇತ್ತು.

ಕಾಗದವನ್ನು ಟೈಪು ಮಾಡಿದವಳು ನಾನು. ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಕೈ ಎಲ್ಲರಿಗಿಂತ ಚುರುಕು. ಅವಳು ಕಿಟಕಿಯ ಪಕ್ಕ ನಿಂತು ಹೇಳಿದಳು, ನಾನು ಒತ್ತಿದೆ. ‘ನಾನು ಬರೆದ ಪಟ್ಟಿಯಲ್ಲಿ ಈ ಕಾಲೇಜಿನ ನಂಬರು ಬಿಟ್ಟುಹೋಯಿತು. ಅವರಿಗೆ ಸುದ್ದಿ ಮುಟ್ಟಲಿಲ್ಲ. ತಪ್ಪು ನನ್ನದು, ಅದಕ್ಕಾಗಿ ಕ್ಷಮೆ ಕೇಳುತ್ತೇನೆ.’ ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, ಒಂದು ಅಕ್ಷರವೂ ತಪ್ಪಿಲ್ಲ ಎಂದು ನನ್ನ ತಲೆ ಸವರಿದರು. ಅವರ ಕೈ ತಣ್ಣಗಿತ್ತು.

ಆ ಊರಿಗೆ ಬಸ್ಸಿನಲ್ಲಿ ಆರು ಗಂಟೆಯ ದಾರಿ. ಜೊತೆಗೆ ಬರ್ತೀಯಾ ಎಂದು ಹಾಜರಿ ನನ್ನನ್ನು ಕೇಳಿದಳು. ಹೊಟ್ಟೆ ನೋವು ಎಂದೆ.

ಹನ್ನೆರಡನೆಯ ದಿನ ಮೂವರ ಹೆಸರೂ ದಾಖಲೆಗೆ ಮರಳಿತು. ಬಡಗಿಯ ಮಗನಿಗೆ ಕರೆ ಬರಲಿಲ್ಲ. ಮೂರನೆಯ ವಾರ ಕಾನೂನು ಕಾಲೇಜಿನವರು ಹಾಜರಿಯ ಹೆಸರು ಹೊಡೆದರು. ನಾಲ್ಕನೆಯ ವಾರ ಸಮಿತಿಯವರೂ ಅವಳನ್ನು ತೆಗೆದರು. ಕ್ಷಮೆ ಕೇಳುವುದು ಚಳವಳಿಯ ನಿಲುವಲ್ಲವಂತೆ. ಮೈಕಾಸುರ ಆ ಬಗ್ಗೆ ಅರ್ಧ ಗಂಟೆ ಮಾತಾಡಿದ. ಸಂಜೆಯ ಹಾಜರಿ ಅಲ್ಲಿಗೆ ನಿಂತಿತು. ಎಷ್ಟು ಸಾವಿರ ಜನ ಎಂಬ ಲೆಕ್ಕ ಶುರುವಾಯಿತು, ಬರದವರ ಸುದ್ದಿ ಯಾರಿಗೂ ಬೇಡವಾಯಿತು. ಆರು ತಿಂಗಳಲ್ಲಿ ನಲವತ್ತು ಕಾಲೇಜು ಉಳಿದವು. ಯುದ್ಧ ಇನ್ನೊಂದೂವರೆ ವರ್ಷ ನಡೆದು ತನ್ನದೇ ಕಾರಣಗಳಿಗೆ ಮುಗಿಯಿತು. ನಾವು ಮುಗಿಸಿದೆವು ಎಂದು ಮೂರೂ ಪುಸ್ತಕಗಳಲ್ಲಿ ಇದೆ.

ಹಾಜರಿ ಅಪ್ಪನ ಇನ್‌ಸ್ಟಿಟ್ಯೂಟಿನಲ್ಲೇ ಕಲಿಸಲು ನಿಂತಳು. ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದವನನ್ನು ಮದುವೆಯಾದಳು. ಟೈಪಿಂಗಿನ ಕಾಲ ಮುಗಿದ ಮೇಲೆ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ ದುಡಿದಳು. ಯಾರಿಗೆ ಯಾವ ರಕ್ತ ಬೇಕು ಎಂದು ನೋಡಿ ಕೊಡುವವರಿಗೆ ಫೋನು ಮಾಡಿ ಕರೆಸುವ ಕೆಲಸ. ಅಲ್ಲಿ ಅವಳ ಬಗ್ಗೆ ಕತೆಗಳೇ ಇದ್ದವು. ಪಟ್ಟಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳು. ಬರೆದದ್ದನ್ನು ತಾನೊಮ್ಮೆ ನೋಡಿ, ನರ್ಸಿನಿಂದ ಒಮ್ಮೆ ಓದಿಸಿ, ಕಾವಲಿನವನ ಕೈಲೂ ಎಣಿಸುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋದವಳು ಬೀಗ ನೋಡಲು ವಾಪಸು ಬರುತ್ತಿದ್ದಳು. ನನ್ನನ್ನೂ ದಿನಾ ಒಂದು ಸಲ ಎಣಿಸ್ತಾಳೆ ಎಂದು ಅವಳ ಗಂಡ ನಗಾಡುತ್ತಿದ್ದ. ಅವಳೂ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಾನು ವಿಮಾ ಕಚೇರಿಯ ಗುಮಾಸ್ತೆಯಾಗಿ ಅವಳ ಮನೆಯಿಂದ ಎರಡೇ ಬೀದಿ ಆಚೆ ಸಂಸಾರ ಹೂಡಿದ್ದೆ. ನಲವತ್ತೊಂದು ವರ್ಷದಲ್ಲಿ ಒಟ್ಟಿಗೆ ಚಹಾ ಕುಡಿಯದ ವಾರ ಇರಲಿಕ್ಕಿಲ್ಲ. ನನ್ನ ಬಾಣಂತನದಲ್ಲಿ ಬಂದು ಇದ್ದವಳು ಅವಳು, ಅವಳ ಗಂಡ ಹೋದಾಗ ಹೋಗಿ ಇದ್ದವಳು ನಾನು. ಆ ಚೀಟಿಯ ಮಾತು ಒಮ್ಮೆಯೂ ಬರಲಿಲ್ಲ. ಗೊತ್ತಿದ್ದೂ ಎತ್ತುವುದಿಲ್ಲ, ದೊಡ್ಡ ಮನಸ್ಸು ಎಂದು ನಾನು ಒಳಗೊಳಗೇ ಕೈ ಮುಗಿಯುತ್ತಿದ್ದೆ.

ಕಳೆದ ವರ್ಷ ಮತ್ತೊಂದು ಯುದ್ಧ ಶುರುವಾಯಿತು. ಒಂದು ದಿನ ಬೆಳಿಗ್ಗೆ ನನ್ನ ತಂಗಿಯ ಮೊಮ್ಮಗಳು ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಅವರೂ ದೇಶದ ತುಂಬ ಕಾಲೇಜುಗಳನ್ನು ಒಟ್ಟುಗೂಡಿಸಲು ಹೊರಟಿದ್ದರು. ನಿಮ್ಮ ಕಾಲದಲ್ಲಿ ಏನು ಕಲಿತಿರಿ, ಹೇಳಿ ಅಜ್ಜಿ ಎಂದಳು. ನಾನು ಅವರನ್ನು ಹಾಜರಿಯ ಮನೆಗೆ ಕರೆದುಕೊಂಡು ಹೋದೆ.

ಮೂರು ಹುಡುಗಿಯರೂ ನೆಲದ ಮೇಲೆ ಕೂತರು. ಈಗ ಒಂದು ಬೆರಳು ಒತ್ತಿದರೆ ಹತ್ತು ಸಾವಿರ ಜನಕ್ಕೆ ಸುದ್ದಿ ಹೋಗುತ್ತದೆ, ಚೀಟಿ ಗೀಟಿ ಬೇಕಿಲ್ಲ ಎಂದು ಒಬ್ಬಳು ಹೇಳಿದಳು. ಹೋಗುತ್ತೆ, ಮುಟ್ಟುತ್ತಾ ಎಂದು ಹಾಜರಿ ಕೇಳಿದಳು. ಓದಿದೆ ಎಂದು ಗುರುತು ಬರುತ್ತದಂತೆ. ಓದಿದವಳು ಹೆದರಿ ಕೂತಿದ್ದಾಳಾ ಎಂದು ಅದರಲ್ಲಿ ಬರುತ್ತಾ ಎಂದು ಮತ್ತೆ ಕೇಳಿದಳು. ಹುಡುಗಿಯರು ನಕ್ಕು ನೋಟ್‌ಬುಕ್ಕು ತೆಗೆದರು. ಇವಳು ನಿಧಾನವಾಗಿ ಹೇಳುತ್ತಾ ಹೋದಳು. ಬಂದವರನ್ನು ಬಿಡಿ, ಬರದವರನ್ನು ವಿಚಾರಿಸಿ. ಚಿಕ್ಕ ಕಾಲೇಜಿಗೆ ಮೊದಲು ಹೇಳಿ, ದೊಡ್ಡವರು ಹೇಗೂ ತಿಳಿದುಕೊಳ್ಳುತ್ತಾರೆ. ಹುಡುಗರನ್ನು ಜೈಲಿಗೆ ಕಳಿಸುವ ಮಾತು ಬಂದರೆ ತಾಯಂದಿರನ್ನು ಕೇಳದೆ ಕೈ ಎತ್ತಬೇಡಿ. ಚೆನ್ನಾಗಿ ಮಾತಾಡುವವರಿಗೆ ಪಟ್ಟಿ ಕೊಡಬೇಡಿ, ಅವರು ಮೇಲಿನ ಹತ್ತು ಹೆಸರು ಮಾತ್ರ ಓದುತ್ತಾರೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತಿದ್ದೆ. ಹೆಮ್ಮೆ ಅನ್ನಿಸುತ್ತಿತ್ತು.

ಆಮೇಲೆ ಅವಳು, ಇನ್ನೊಂದು ಬರ್ಕೊಳ್ಳಿ ಎಂದಳು.

“ಪಟ್ಟಿ ಬರೆಯೋ ಕೆಲಸ ನನ್ನಂಥವಳಿಗೆ ಕೊಡಬೇಡಿ. ನಾನು ಒಂದು ನಂಬರು ಬಿಟ್ಟೆ. ಮೂರು ಮಕ್ಕಳು ಬೀದಿಗೆ ಬಿದ್ದವು, ಒಬ್ಬನ ಜೀವ ಹೋಗ್ತಿತ್ತು. ಬರೆದೆ ಅಂತಲೇ ಅನ್ನಿಸ್ತಿತ್ತು ನನಗೆ, ಆದ್ರೆ ಬರೆದಿರಲಿಲ್ಲ. ಅವತ್ತಿಂದ ನನ್ನ ತಲೆ ಮೇಲೆ ನನಗೆ ನಂಬಿಕೆ ಇಲ್ಲ.”

ಯಾರಿಗೋ ಕೇಳಲಿ ಎಂದು ಆಡಿದ ಮಾತಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಾಗಿಲು ಕಿಟಕಿ ಎಷ್ಟಿವೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಆಗ ನನಗೆ ಗೊತ್ತಾಯಿತು. ಅವಳಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಕ್ಷಮಿಸಿರಲಿಲ್ಲ, ನನ್ನನ್ನು ನಂಬಿದ್ದಳು. ಬೀಗ ನೋಡಲು ವಾಪಸು ಬರುತ್ತಿದ್ದುದು, ಕಾವಲಿನವನ ಕೈಲಿ ಎಣಿಸುತ್ತಿದ್ದುದು, ನಾವೆಲ್ಲ ನಕ್ಕಿದ್ದು, ಎಲ್ಲದರ ಅರ್ಥ ಒಟ್ಟಿಗೆ ಕಂಡಿತು.

“ಅಕ್ಕಾ, ನೀನು ಬರೆದಿದ್ದೆ,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ.

“ನನ್ನ ಚೀಟಿಯಲ್ಲಿ ಒಂಬತ್ತು ಇತ್ತು. ಕೊನೇದು ಸೈಕಲ್ ಅಂಗಡೀದು. ಲೈನು ಸಿಗಲಿಲ್ಲ, ನಾನು ಸಿನಿಮಾಗೆ ಹೋದೆ. ಆಮೇಲೆ ಸುಳ್ಳು ಹೇಳಿದೆ.”

ಹುಡುಗಿಯರು ಬರೆಯುವುದನ್ನು ನಿಲ್ಲಿಸಿದರು. ಹಾಜರಿ ನನ್ನನ್ನು ನೋಡಿದಳು, ಅಂದು ದಿಟ್ಟಿಸಿದಷ್ಟೇ ಹೊತ್ತು. ಈ ಸಲ ಆ ನೋಟಕ್ಕೆ ನನಗೆ ಬೇಕಾದ ಅರ್ಥ ಹಚ್ಚಲು ಆಗಲಿಲ್ಲ. ಆಮೇಲೆ ಹುಡುಗಿಯರ ಕಡೆ ತಿರುಗಿ, ಕೊನೇದನ್ನ ಹೊಡೆದು ಹಾಕಿ ಎಂದಳು. ಅದರ ಬದಲು ಏನು ಬರೆಯಬೇಕು ಎಂದು ತಂಗಿಯ ಮೊಮ್ಮಗಳು ಮೆಲ್ಲಗೆ ಕೇಳಿದಳು.

“ಫೋನು ಮಾಡ್ಲಿಲ್ಲ ಅಂತ ಹೇಳೋಕೆ ನಿಮ್ಮವರು ನಿಮಗೆ ಹೆದರಬಾರದು. ಅಷ್ಟು ಬರ್ಕೊಳ್ಳಿ.”

ಅದನ್ನೂ ತನ್ನ ತಲೆಗೇ ಎಳೆದುಕೊಂಡಳು. ಅದು ನಿನ್ನ ತಪ್ಪಲ್ಲ, ನನ್ನದು, ಹೆದರಿದವಳು ನಾನು, ಸುಳ್ಳು ಹೇಳಿದವಳು ನಾನು ಎಂದು ಹೇಳಿದೆ. ಅವಳು ಎದ್ದು ಒಳಗೆ ಹೋದಳು. ನಾವು ನಾಲ್ವರೂ ಹೊರಟೆವು.

ಮೂರು ವಾರ ಅವಳು ನನ್ನ ಮನೆಗೆ ಬರಲಿಲ್ಲ. ನಾನು ಎರಡು ಸಲ ಹೋದೆ, ಬಾಗಿಲು ತೆರೆಯಲಿಲ್ಲ. ಒಳಗೆ ಓಡಾಡುವ ಸದ್ದು ಕೇಳುತ್ತಿತ್ತು. ಎರಡು ಸಲವೂ ಹಾಗೇ ತಿರುಗಿ ಬಂದೆ. ಇಷ್ಟು ವರ್ಷ ಕ್ಷಮೆ ಸಿಕ್ಕಿದೆ ಎಂದುಕೊಂಡು ಬದುಕಿದವಳಿಗೆ ಅದು ಇಲ್ಲದೆ ದಿನ ದೂಡುವುದು ಹೇಗೆಂದು ತಿಳಿಯಲಿಲ್ಲ.

ನಾಲ್ಕನೆಯ ವಾರ, ನಾನು ಬಟ್ಟೆ ಮಡಿಸುತ್ತಿದ್ದಾಗ ಬಂದಳು. ಒಳಗೆ ಬಾ ಎಂದೆ. ಹೊಸ್ತಿಲಲ್ಲೇ ನಿಂತಳು.

“ಕಾನೂನು ಕಾಲೇಜಿನ ಸೀಟಿನ ಮಾತು ಬಿಡು,” ಎಂದಳು. “ನೀನು ನಿಜ ಹೇಳಿದ್ರೂ ಆ ಕಾಗದಕ್ಕೆ ಸಹಿ ಹಾಕ್ತಿದ್ದವಳು ನಾನೇ. ಪಟ್ಟಿ ನನ್ನದು, ನೀವು ಹದಿನಾಲ್ಕು ಜನ ನನ್ನವರು. ಸೀಟು ಹೇಗೂ ಹೋಗ್ತಿತ್ತು.”

ನಾನು ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನಿಂತೆ.

“ಆದ್ರೆ ಅವತ್ತು ಆ ಬಸ್ಸಲ್ಲಿ ನಾನು ಒಬ್ಬಳೇ ಕೂತಿದ್ದೆ ಕಣೆ. ಆರು ಗಂಟೆ ಹೊತ್ತು ನಿನ್ನ ಚೀಟಿನ ಮನಸ್ಸಲ್ಲೇ ಬರೀತಾ ಹೋದೆ. ಎಲ್ಲಿ ಬಿಟ್ಟೆ, ಎಲ್ಲಿ ಬಿಟ್ಟೆ ಅಂತ. ಪ್ರತಿ ಸಲ ಬರೆದಾಗ್ಲೂ ಒಂಬತ್ತೇ ಬರ್ತಿತ್ತು. ನನಗೆ ತಲೆ ಕೆಡ್ತಿದೆ ಅಂದ್ಕೊಂಡೆ. ಕೊನೆಗೆ ಆ ಊರು ಬರೋ ಹೊತ್ತಿಗೆ, ಎಂಟು ಬರೋ ಹಾಗೆ ಬರೆಯೋದನ್ನ ಕಲಿತ್ಕೊಂಡೆ.”